ನಾಟಿ ಸಂಗೀತಕ್ಕೊಂದು ಅಭಿಪ್ರಾಯ

ನಮ್ಮ ಮನೆಯವರು ರಮಾಕಾಂತ ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಯಾರಾದರೂ "ನಿಮಗೆ ಇದು ಗೊತ್ತಾ?" ಎಂದು ಕೇಳಿಬಿಟ್ಟರೆ "ಗೊತ್ತಿಲ್ಲ" ಎನ್ನುವುದಕ್ಕೆ ಅವರ ನಾಲಿಗೆ ಒಪ್ಪುವುದಿಲ್ಲ. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಸುಮ್ಮನೆ ಮಾತಿಗೆಂದು ಜೇನು ಸಾಕಣೆಯ ವಿಷಯ ತೆಗೆದರು. ಇವರು "ಗೊತ್ತು ಸಾರ್" ಎಂದರು. ಮುಂದಿನ ಭಾನುವಾರ ಅಪ್ಪ ಇವರನ್ನು ಕರೆದೊಯ್ದು, ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಮುಚ್ಚಳ ತೆಗೆಯಲು ಹೇಳಿದರು. ನಮ್ಮ ನಿಶ್ಚಿತಾರ್ಥದ ಫೋಟೋಗಳಲ್ಲಿ ವರನ ಎಡಗಣ್ಣು ಮುಚ್ಚಿಕೊಂಡೇ ಇದೆ.

ಜಪಾನಿನ ಹಮಾಮತ್ಸುವಿಗೆ ಬಂದು ಆರು ವರ್ಷವಾಯಿತು. ಮೋಟಾರ್‌ಬೈಕಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇವರು ತಪಾಸಣೆ ವಿಭಾಗದ ಇಂಜಿನಿಯರ್. ಗೇರಿನ ಹಲ್ಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಡಿಯುತ್ತಾರೆ. ಅಂಥವರು ಒಂದೇ ಒಂದು ಪದದ ಅಳತೆ ತಪ್ಪಿದ್ದರಿಂದ ಫೆಬ್ರವರಿಯಲ್ಲಿ ಏನೆಲ್ಲ ಆಯಿತೆಂದು ಹೇಳುತ್ತೇನೆ.

ಅಂದು ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಇಲ್ಲಿಯ ಚಳಿಗಾಲದ ಒಣಗಾಳಿ ಎಂಥದ್ದೆಂದರೆ, ಪಂಚೆ ಹಪ್ಪಳದ ಹಾಗೆ ಆಗಿರುತ್ತದೆ, ಮಡಿಸಿದರೆ ಮುರಿದೀತೆಂದು ಭಯ. ಇವರು ಬಾಗಿಲಲ್ಲೇ ನಿಂತು ಕೂಗಿದರು.

"ಕಾತ್ಯಾಯಿನೀ, ಕೈ ಒರೆಸ್ಕೊಂಡು ಬಾ. ಎರಡೂ ಕೈಯಲ್ಲಿ ತಗೋ."

"ಏನ್ರೀ ಅದು, ಪ್ರಸಾದಾನಾ?"

"ಆಲ್ಬಮ್ಮು. ಮೊಚಿಜುಕಿ ಸಾನ್‌ದು."

ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಮೊಚಿಜುಕಿ ಸಾನ್ ಇವರ ವಿಭಾಗದ ಹಿರಿಯರು, ಮಾರ್ಚ್ ಕೊನೆಗೆ ನಿವೃತ್ತಿ. ಆರು ವರ್ಷದಲ್ಲಿ ಅವರು ಇವರೊಂದಿಗೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪುಟ ತುಂಬದು, ಅಷ್ಟು ಮಿತಭಾಷಿ. ಅಂಥವರು ಸಿ.ಡಿ.ಯ ಮುಖಪುಟದಲ್ಲಿ ಅಮೆರಿಕದ ಹಾಡುಗಾರರ ಹಾಗೆ ಕೌಬಾಯ್ ಟೋಪಿ ಇಟ್ಟು, ಗಿಟಾರ್ ಹಿಡಿದು, ಈರುಳ್ಳಿ ಹೊಲದ ನಡುವೆ ನಿಂತಿದ್ದರು. ನಲವತ್ತು ವರ್ಷದಿಂದ ಮನೆಯ ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡು ಹಾಡುತ್ತಿದ್ದರಂತೆ. ಇದು ಮೊದಲ ಆಲ್ಬಮ್, ಹೆಸರು 'ಒಣಗಾಳಿಯ ಕುದುರೆ'.

"ಕಂಟ್ರಿ ಮ್ಯೂಸಿಕ್ಕಂತೆ ಕಣೇ. ಹಳೇ ಕಾಲದ್ದು, ಟ್ರೆಡಿಷನಲ್ಲು. ಊಟದ ಟೈಮಲ್ಲಿ ಕೇಳಿದ್ರು, ನಿಮಗೆ ಕಂಟ್ರಿ ಮ್ಯೂಸಿಕ್ ಗೊತ್ತಾ ಅಂತ."

"ನೀವೇನಂದ್ರಿ?" ಎಂದೆ, ಉತ್ತರ ಗೊತ್ತಿದ್ದೂ.

"ಹುಟ್ಟಿದಾಗಿಂದ ಕೇಳ್ತಿದೀನಿ, ನಾನೇ ಕಂಟ್ರಿ ಕಡೆಯವನು ಅಂದೆ. ಕಂಟ್ರಿ ಅಂದ್ರೆ ನಾಟಿ ತಾನೆ? ಕಂಟ್ರಿ ಕೋಳಿ ಅಂದ್ರೆ ನಾಟಿ ಕೋಳಿ. ಹಾಗೇ ನಾಟಿ ಟೊಮೇಟೊ, ನಾಟಿ ಕೊತ್ತಂಬರಿ, ನಾಟಿ ಸಂಗೀತ. ರಾಗಿ ಬೀಸೋ ಪದ ಎಲ್ಲ ಇರತ್ತಲ್ಲ, ಅಂಥದ್ದು."

ಇವರು ಹುಟ್ಟಿದ್ದು ಬೆಂಗಳೂರಿನ ಬಸವೇಶ್ವರನಗರದಲ್ಲಿ. ರಾಗಿ ಬೀಸುವುದನ್ನು ಕಂಡದ್ದು ಮಾಲಿನಲ್ಲಿ ಒಂದು ಸಲ, ಅದೂ ಗೊಂಬೆ ಬೀಸುತ್ತಿತ್ತು.

ಸಿ.ಡಿ.ಯ ಜೊತೆ ಒಂದು ಚೀಟಿ ಇತ್ತು. ಈ ದೇಶದಲ್ಲಿ ಏನು ಕೊಟ್ಟರೂ ಜೊತೆಗೊಂದು ಅಭಿಪ್ರಾಯದ ಚೀಟಿ ಕೊಡುತ್ತಾರೆ. ಹಲ್ಲು ಕೀಳಿಸಿಕೊಂಡು ಬಂದರೂ ಹೇಗನ್ನಿಸಿತು ಎಂದು ಕೇಳುತ್ತಾರೆ. ಮೊಚಿಜುಕಿ ಸಾನ್ ಕೈಬರಹದಲ್ಲಿ 'ದಯವಿಟ್ಟು ಮನಬಿಚ್ಚಿ ಬರೆಯಿರಿ' ಎಂದು ಕೆಳಗೆ ಸೇರಿಸಿದ್ದರು. ಶುಕ್ರವಾರದೊಳಗೆ ವಾಪಸ್ಸು ಕೊಡಬೇಕು.

ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರವಿಲ್ಲ. ಇದ್ದದ್ದು ನಮ್ಮ ಹಳೆಯ ಪುಟ್ಟ ಕಾರಿನಲ್ಲಿ. ಹಾಗಾಗಿ ಪಾರ್ಕಿಂಗ್ ಜಾಗದಲ್ಲಿ ನಿಂತ ಕಾರಿನೊಳಗೆ ನಾವು ಮೂವರೂ ಕಂಬಳಿ ಹೊದ್ದು ಕೂತೆವು. ಇವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, ಬೇರೆ ಯಾವುದೋ ಹಾಡಿನ ತಾಳ ಅದು, ತಲೆದೂಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಮೂರನೇ ಕ್ಲಾಸಿನ ಮಗಳು ಲಾಸ್ಯಾ ಕಿವಿ ಮುಚ್ಚಿಕೊಂಡಿದ್ದಳು.

"ರಾಗಿ ಬೀಸೋ ಪದ ಇಂಗ್ಲಿಷಲ್ಲಿ ಯಾಕಿದೆ?" ಎಂದೆ.

"ಟ್ರಾನ್ಸ್‌ಲೇಟ್ ಮಾಡ್ಕೊಂಡಿರ್ತಾರೆ ಕಣೇ. ಸುಮ್ನೆ ಕೇಳು."

ನಾಲ್ಕನೇ ಹಾಡಿನ ಹೊತ್ತಿಗೆ ಯಾರೋ ಕಿಟಕಿ ತಟ್ಟಿದರು. ಪಕ್ಕದ ಮನೆಯ ಹಿರಾನೋ ಸಾನ್, ಅರವತ್ತು ದಾಟಿದ ಒಳ್ಳೆಯ ಹೆಂಗಸು. ತಣ್ಣನೆಯ ಕಾರಿನಲ್ಲಿ ಕಂಬಳಿ ಹೊದ್ದು ಕೂತ ಸಂಸಾರವನ್ನು ನೋಡಿ ಆಕೆಗೆ ಏನನ್ನಿಸಿತೋ, "ಮನೆಯಲ್ಲಿ ಗ್ಯಾಸ್ ನಿಂತಿದೆಯೇ? ನಮ್ಮಲ್ಲಿಗೆ ಬನ್ನಿ, ಬಿಸಿನೀರಿದೆ" ಎಂದರು. ಇಲ್ಲ, ಸಂಗೀತ ಕೇಳುತ್ತಿದ್ದೇವೆ ಎಂದು ಹೇಳಿದೆವು. "ಆ, ಹೌದಾ" ಎಂದು ನಕ್ಕು ಹೋಗಿ, ಹತ್ತು ನಿಮಿಷದಲ್ಲಿ ಎರಡು ಮೂಲಂಗಿ, ಒಂದು ಡಬ್ಬಿ ಬಿಸಿ ಅನ್ನ ತಂದುಕೊಟ್ಟರು. ನಂಬಲಿಲ್ಲವೆಂದು ಅರ್ಥ.

ಗುರುವಾರ ಲಾಸ್ಯಾ ಮಲಗಿದ ಮೇಲೆ ಇವರು ಊಟದ ಮೇಜಿನ ಮೇಲೆ ಚೀಟಿ ಹರಡಿದರು.

"ಸುಗೋಯ್, ಸುಬರಾಶೀ, ಅದ್ಭುತ ಅಂತ ಎಲ್ರೂ ಬರೀತಾರೆ. ನಂದು ತೂಕವಾಗಿರ್ಬೇಕು. ರಾಮನವಮಿ ಕಚೇರಿಲಿ ಹಿಂದಿನ ಸಾಲಲ್ಲಿ ಕೂತಿರೋ ದೊಡ್ಡೋರು ಏನಂತಾರೆ ಹೇಳು? ಚೆನ್ನಾಗ್ ಹಾಡಿದ್ರು ಅಂತಾರಾ? ಇಲ್ಲ. 'ಬಹಳ ಸೂಕ್ಷ್ಮ ಕಣ್ರೀ' ಅಂತಾರೆ. ಅದು ಮಾತು!"

ಫೋನಿನ ನಿಘಂಟಿನಲ್ಲಿ 'ಸೂಕ್ಷ್ಮ'ಕ್ಕೆ ಜಪಾನೀ ಪದ ಹುಡುಕಿದರು. 'ಬಿಮ್ಯೋ' ಎಂದು ಬಂತು. ನೋಡಲೂ ಗಂಭೀರವಾದ ಎರಡು ಚಿತ್ರಾಕ್ಷರ. ಕುಂಚದ ಪೆನ್ನು ತಂದು, ನಾಲಿಗೆ ಹೊರಚಾಚಿ, ಒಂದು ಗಂಟೆ ಕೂತು ಬರೆದರು. ಧ್ವನಿ: ಬಿಮ್ಯೋ. ಗಿಟಾರ್: ಬಿಮ್ಯೋ. ಮೂರನೆಯ ಹಾಡು: ತುಂಬಾ ಬಿಮ್ಯೋ. ಒಟ್ಟಾರೆ: ನನ್ನ ಜೀವಮಾನದಲ್ಲಿ ಇಷ್ಟು ಬಿಮ್ಯೋ ಆದ ಸಂಗೀತವನ್ನು ಕೇಳಿಲ್ಲ.

"ಬೆಳಿಗ್ಗೆ ಲಾಸ್ಯಾಗೊಂದ್ಸಲ ತೋರಿಸ್ಬಿಡಿ" ಎಂದೆ.

"ಅವಳಿಗೆ ಗೊತ್ತಿರೋದು ಪ್ಲೇಗ್ರೌಂಡ್ ಜಪಾನೀಸು. ಇದು ಸಾಹಿತ್ಯ."

ಸೋಮವಾರ ಸಂಜೆ ಇವರು ಮನೆಗೆ ಬಂದದ್ದು ನೆಲದಿಂದ ಅರ್ಧ ಅಡಿ ಮೇಲೆ. ಮೊಚಿಜುಕಿ ಸಾನ್ ಎಲ್ಲರೆದುರು ಇವರಿಗೆ ಸೊಂಟ ಬಾಗಿಸಿ ನಮಸ್ಕರಿಸಿ, "ನನಗೆ ದೊಡ್ಡ ಪಾಠವಾಯಿತು" ಎಂದರಂತೆ. ಮೇಲಧಿಕಾರಿ ಬಂದು "ಇಂಡಿಯಾದವರು ಧೈರ್ಯವಂತರು" ಎಂದು ಬೆನ್ನು ತಟ್ಟಿದರಂತೆ.

"ಪಾಠ ಅಂತೆ ಕಣೇ! ನನ್ನಿಂದ!"

ಅಂದು ರಾತ್ರಿಯ ವಿಡಿಯೋ ಕಾಲಿನಲ್ಲಿ ಬೆಂಗಳೂರಿನ ಅತ್ತೆಗೂ ಸುದ್ದಿ ಹೋಯಿತು. ಚಂದ್ರಪ್ರಭಾ ಅತ್ತೆ ಕನ್ನಡಕ ಸರಿಮಾಡಿಕೊಂಡು ಮಗನನ್ನು ಪರದೆಯಲ್ಲಿ ದಿಟ್ಟಿಸಿದರು.

"ಯಾರು, ನೀನು ಸಂಗೀತದ ಬಗ್ಗೆ ಹೇಳಿದ್ಯಾ? ಅಲ್ವೋ, ಹಾರ್ಮೋನಿಯಂ ಮೇಷ್ಟ್ರು ನಿನಗೆ ಮೂರು ತಿಂಗಳು ಪಾಠ ಹೇಳಿ ಮನೇನೇ ಖಾಲಿ ಮಾಡ್ಕೊಂಡು ಹೋದ್ರಲ್ಲೋ!"

"ಅಮ್ಮಾ, ಅವರಿಗೆ ಟ್ರಾನ್ಸ್‌ಫರ್ ಆಯ್ತು."

"ಮನೆಪಾಠದೋರಿಗೆ ಯಾವನೋ ಟ್ರಾನ್ಸ್‌ಫರ್ ಮಾಡ್ತಾನೆ?"

ಮಂಗಳವಾರ ಮಧ್ಯಾಹ್ನ ನಾನು ಅವರೆಕಾಳು ಇಲ್ಲದ ದೇಶದಲ್ಲಿ ಸೋಯಾಕಾಳಿನ ಹುಳಿ ಮಾಡಲು ಒದ್ದಾಡುತ್ತಿದ್ದಾಗ ಹಿರಾನೋ ಸಾನ್ ಬಂದರು. ನಮ್ಮ ಬಡಾವಣೆಯ ಸಮುದಾಯ ಭವನದ ಕಾರ್ಯದರ್ಶಿಯೂ ಆಕೆಯೇ. ನನಗೆ ತಿಳಿಯಲೆಂದು ನಿಧಾನವಾಗಿ, ಬೆರಳು ಮಡಿಸಿ ಹೇಳಿದರು. ಮೊದಲನೆಯದು, ಮುಂದಿನ ಭಾನುವಾರ ಭವನದಲ್ಲಿ ನಡೆಯಬೇಕಿದ್ದ ಮೊಚಿಜುಕಿ ಸಾನ್ ಆಲ್ಬಮ್ ಬಿಡುಗಡೆಯ ಕಾರ್ಯಕ್ರಮವನ್ನು ಅವರು ರದ್ದು ಮಾಡಿದ್ದಾರೆ. ಎರಡನೆಯದು, ಇನ್ನು ಹಾಡುವುದಿಲ್ಲ ಎಂದಿದ್ದಾರೆ. ಮೂರನೆಯದನ್ನು ಹೇಳುವ ಮೊದಲು ಆಕೆ ದನಿ ತಗ್ಗಿಸಿದರು. ಕೊಂಬಿನಿ ಅಂಗಡಿಯ ಸಾಲಿನಲ್ಲಿ ಅವರ ಹೆಂಡತಿ, ದೊಡ್ಡ ಸಾಮಾನು ಎಸೆಯುವಾಗ ಅಂಟಿಸಬೇಕಾದ 'ದೊಡ್ಡ ಕಸ'ದ ಸ್ಟಿಕರ್ ಕೊಂಡದ್ದನ್ನು ಆಕೆ ಕಂಡರಂತೆ, ಗಿಟಾರಿಗಂತೆ, ನಾಡಿದ್ದು ಗುರುವಾರ ಬೆಳಿಗ್ಗೆ ಲಾರಿ ಬರುತ್ತದಂತೆ.

"ಯಾಕೆ?" ಎಂದೆ ಗಾಬರಿಯಿಂದ.

ಹಿರಾನೋ ಸಾನ್ ಒಗ್ಗರಣೆಯ ಹೊಗೆಯನ್ನು ನೋಡುತ್ತಾ, "ಮೂವತ್ತೆಂಟು ಚೀಟಿ ಬಂದವು. ಮೂವತ್ತೇಳು ತುಂಬಾ ಚೆನ್ನಾಗಿದ್ದವು" ಎಂದರು. ಅಷ್ಟು ಹೇಳಿ ಬಾಗಿ ವಂದಿಸಿ ಹೋದರು.

ಸ್ಕೂಲಿಂದ ಬಂದ ಲಾಸ್ಯಾಳನ್ನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಪುಟ್ಟಾ, ಬಿಮ್ಯೋ ಅಂದ್ರೇನು?"

"ಬಿಮ್ಯೋ? ಲೈಕ್... ಸ್ಕೂಲ್ ಲಂಚಲ್ಲಿ ಒಂದು ಫಿಶ್ ಇರತ್ತಲ್ಲ. ಯಾರೂ ಬ್ಯಾಡ್ ಅನ್ನಲ್ಲ, ಬಟ್ ಯಾರೂ ತಿನ್ನಲ್ಲ. ದಟ್ ಈಸ್ ಬಿಮ್ಯೋ. ನಿನ್ನ ಹಾಗಲಕಾಯಿ ಗೊಜ್ಜು ನೋಡಿ ನನ್ನ ಫ್ರೆಂಡ್ ಯುಇ-ಚಾನ್ ಅಂದ್ಲು, ಬಿಮ್ಯೋ ಅಂತ."

ಸಂಜೆ ಈ ವಿವರಣೆಯನ್ನು ಕೇಳಿ ಇವರು ಫೋನ್ ಕೈಗೆತ್ತಿಕೊಂಡರು. ನಿಘಂಟನ್ನು ಮೂರು ಸಲ ತೆರೆದು ನೋಡಿದರು. ನಿಘಂಟು ಹೇಳಿದ್ದೂ ಸುಳ್ಳಲ್ಲ, ಪುಸ್ತಕದಲ್ಲಿ ಅದಕ್ಕೆ ಸೂಕ್ಷ್ಮವೆಂದೇ ಅರ್ಥ. ಬೀದಿಯಲ್ಲಿ ಮಾತ್ರ 'ಯಾಕೋ ಸರಿಹೋಗಲಿಲ್ಲ' ಎಂದು.

"ಜೀವಮಾನದಲ್ಲಿ ಇಷ್ಟು... ಅಂತ ಬರೆದ್ನಲ್ಲೇ!"

"ತುಂಬಾ ಅಂತಾನೂ ಬರೆದಿದೀರಿ. ಕುಂಚದಲ್ಲಿ."

ತಕ್ಷಣ ಫೋನ್ ಮಾಡಿದರು. ಅದು ತಪ್ಪಾಗಿ ಬಿದ್ದ ಪದ, ನಿಜವಾಗಿ ನೀವು ಅದ್ಭುತವಾಗಿ ಹಾಡಿದ್ದೀರಿ ಎಂದು ಹತ್ತು ಸಲ ಹೇಳಿದರು. ಆ ಕಡೆಯಿಂದ ಮೊಚಿಜುಕಿ ಸಾನ್ ಹತ್ತು ಸಲವೂ "ಅರಿಗಾತೋ, ಧನ್ಯವಾದ, ರಮಾ ಸಾನ್, ನೀವು ದಯಾಳು" ಎಂದರು. ಒಂದು ಅಕ್ಷರವನ್ನೂ ನಂಬಲಿಲ್ಲ. ತಪ್ಪು ಅವರದಲ್ಲ. ಹೊಗಳಿಕೆಯಲ್ಲಿ ಎಷ್ಟು ಪಾಲು ಮರ್ಯಾದೆ ಎಂಬುದನ್ನು ಈ ಊರಿನವರು ಹುಟ್ಟಿನಿಂದ ಬಲ್ಲರು. ಮೂವತ್ತೇಳು ಮರ್ಯಾದೆಗಳ ನಡುವೆ ಅವರಿಗೆ ಸಿಕ್ಕಿದ್ದ ಒಂದೇ ನಿಜ ಇದು, ಅದೂ ಕಂಟ್ರಿ ಕಡೆಯಲ್ಲೇ ಹುಟ್ಟಿ ಬೆಳೆದವನದು.

ಬುಧವಾರ ಇವರು ರಜೆ ಹಾಕಿ ಕಸದ ಇಲಾಖೆಗೆ ಫೋನ್ ಹಚ್ಚಿದರು. ಆ ಕಡೆ ಒಂದು ವಿನಯದ ಹೆಣ್ಣುದನಿ, ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ರದ್ದು ಮಾಡಬೇಕಾದ ವಸ್ತು?"

"ಗಿಟಾರ್."

"ತಾವು ಮೊಚಿಜುಕಿ ಸಾನ್ ಅವರೇ?"

ಇವರು 'ಅಲ್ಲ, ಅಭಿಪ್ರಾಯ ಕೊಟ್ಟವನು ನಾನು' ಎನ್ನಲು ಹೋಗಿ ಗಡಿಬಿಡಿಯಲ್ಲಿ "ಅಲ್ಲ, ವತಾಶಿ ವಾ ಇಕೆನ್ ದೆಸ್" ಎಂದುಬಿಟ್ಟರು. 'ನಾನು ಅಭಿಪ್ರಾಯ' ಎಂದಂತಾಯಿತು.

"ಇಕೆನ್ ಸಾನ್ ಅವರೇ," ಎಂದಳು ಆಕೆ ಹೆಸರು ಬರೆದುಕೊಳ್ಳುತ್ತಾ, "ಕ್ಷಮಿಸಬೇಕು. ಕಸವನ್ನು ಅದರ ಮಾಲೀಕರೇ ಬೇಡವೆನ್ನಬೇಕು, ಅವರೇ ಬೇಕೆನ್ನಬೇಕು. ಬೇರೆಯವರು ಬೇಕೆಂದರೆ ನಮ್ಮಲ್ಲಿ ಅದಕ್ಕೆ ನಮೂನೆ ಇಲ್ಲ, ಇಕೆನ್ ಸಾನ್."

ಗುರುವಾರ ಬೆಳಿಗ್ಗೆ ಏಳೂವರೆಗೆ ನಾವು ಮೂವರೂ ಮೊಚಿಜುಕಿ ಸಾನ್ ಮನೆಯ ಮುಂದೆ ಇದ್ದೆವು. ಲಾಸ್ಯಾ ದುಭಾಷಿ, ಬೆನ್ನಿಗೆ ಸ್ಕೂಲ್ ಬ್ಯಾಗು. ಗೇಟಿನ ಪಕ್ಕ ಕರಿಯ ಪೆಟ್ಟಿಗೆಯಲ್ಲಿ ಗಿಟಾರ್ ನಿಂತಿತ್ತು, ಎದೆಯ ಮೇಲೆ ಸ್ಟಿಕರ್. ಬೆಲ್ ಒತ್ತಬೇಕೆನ್ನುವಷ್ಟರಲ್ಲಿ ಲಾರಿ ತಿರುವಿನಲ್ಲಿ ಕಾಣಿಸಿತು. ಇವರು ಬೆಲ್ ಬಿಟ್ಟು ಗಿಟಾರನ್ನು ಅಪ್ಪಿಕೊಂಡರು.

ಲಾರಿಯಿಂದ ನೀಲಿ ಸಮವಸ್ತ್ರದ ಇಬ್ಬರು ಇಳಿದರು. ಟೋಪಿ ತೆಗೆದು ವಂದಿಸಿದರು. ಇವರೂ ಗಿಟಾರ್ ಸಮೇತ ಬಾಗಿದರು. ಒಬ್ಬನು ಪೆಟ್ಟಿಗೆಯ ತುದಿ ಹಿಡಿದ. ಇವರು ಬಿಡಲಿಲ್ಲ. "ಸುಮಿಮಾಸೆನ್" ಎಂದ ಅವನು. "ಸುಮಿಮಾಸೆನ್" ಎಂದರು ಇವರು. ಹೀಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾ ಇಬ್ಬರೂ ಒಂದು ನಿಮಿಷ ಜೋರಾಗಿ ಎಳೆದಾಡಿದರು. ಆ ಗಲಾಟೆಯಲ್ಲಿ ಸ್ಟಿಕರ್ ಪೆಟ್ಟಿಗೆಯಿಂದ ಎದ್ದು ಇವರ ಜಾಕೆಟ್ಟಿಗೆ ಅಂಟಿತು.

ಎರಡನೆಯವನು ಪಟ್ಟಿ ತೆಗೆದು ನೋಡಿದ. ಇವರನ್ನು ನೋಡಿದ. ಪುನಃ ಪಟ್ಟಿ ನೋಡಿದ. "ಗಿಟಾರ್ ಒಂದು ಎಂದಿದೆ," ಎಂದ ಬಹಳ ಸಂಕೋಚದಿಂದ, "ಮನುಷ್ಯರನ್ನು ಬರೆದಿಲ್ಲ."

ಆಗ ಬಾಗಿಲು ತೆರೆಯಿತು. ಮೊಚಿಜುಕಿ ಸಾನ್ ಸ್ವೆಟರಿನಲ್ಲಿ, ಅವರ ಹಿಂದೆ ಸಣ್ಣ ದೇಹದ ಹೆಂಡತಿ ಏಪ್ರನ್ನಿನಲ್ಲಿ ಕೈ ಒರೆಸುತ್ತಾ ಬಂದರು. ಇವರು ಗಿಟಾರ್ ಹಿಡಿದೇ ಶುರುಮಾಡಿದರು. ಅದ್ಭುತ ಎಂದರು, ಅಮೋಘ ಎಂದರು, ನಿಮ್ಮ ಕಂಠ ಬೆಣ್ಣೆ ಎಂದರು. ಹೊಗಳಿದಷ್ಟೂ ಮೊಚಿಜುಕಿ ಸಾನ್ ಮುಖ ಇಳಿಯುತ್ತಾ ಹೋಯಿತು.

"ರಮಾ ಸಾನ್, ಸಾಕು. ನೀವು ಒಳ್ಳೆಯವರು. ದಯವಿಟ್ಟು ಕಸ ಕೊಟ್ಟುಬಿಡಿ."

ಲಾಸ್ಯಾಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು. ಅವಳು ಅಪ್ಪನ ಜಾಕೆಟ್ ಎಳೆದು ಮುಂದೆ ಬಂದು ಜಪಾನೀ ಭಾಷೆಯಲ್ಲಿ ಪಟಪಟನೆ ಏನೋ ಹೇಳಿದಳು. ಕಸದ ಹುಡುಗರು ಇಬ್ಬರೂ ಮುಖ ತಿರುಗಿಸಿಕೊಂಡು, ನಗು ತಡೆಯಲಾರದೆ ಭುಜ ಕುಣಿಸತೊಡಗಿದರು.

"ಏನಂದ್ಯೇ?" ಎಂದೆ ಹೆದರಿ.

"ಮೂರನೇ ಸಾಂಗ್ ನಂಗೆ ಅರ್ಥ ಆಗ್ಲಿಲ್ಲ ಅಂದೆ. ಓಜಿಸಾನ್ ಅಂಕಲ್ 'ಹೋಸು' ಅಂತಾರೆ. ಹೋಸು ಅಂದ್ರೆ ಗಿಡಕ್ಕೆ ನೀರು ಹಾಕೋ ಪೈಪು. ಮೈ ಪೈಪ್ ರಾನ್ ಅವೇ ಅಂತ ಅಷ್ಟು ಯಾಕೆ ಅಳ್ತಾರೆ? ಅಂಗಡೀಲಿ ಹೊಸದು ಸಿಗತ್ತಲ್ಲ!"

ಹಾರ್ಸ್, ಕುದುರೆ, ಜಪಾನೀ ನಾಲಿಗೆಯಲ್ಲಿ ಪೈಪಾಗಿತ್ತು. ಮೊಚಿಜುಕಿ ಸಾನ್ ತುಟಿಯಲ್ಲೇ "ಹೋಸು... ಹೋ-ರ್-ಸು" ಎಂದು ಎರಡು ಸಲ ಹೇಳಿಕೊಂಡರು. ಅವರ ಮುಖದಲ್ಲಿ ಮೊದಲ ಬಾರಿ ಏನೋ ಅಲುಗಿತು. ಇದು ಮರ್ಯಾದೆಯಲ್ಲ ಎಂದು ಅವರಿಗೆ ತಿಳಿಯಿತು. ಅವರು ಮಂಡಿಯೂರಿ ಕೂತು ಅವಳನ್ನೇ ಕೇಳಿದರು, ಇನ್ನೇನು ಸರಿಯಿಲ್ಲ?

"ಅಮ್ಮನ್ನ ಕೇಳಿ. ಅಮ್ಮ ಜಾಸ್ತಿ ಸಲ ಕೇಳಿದಾಳೆ" ಎಂದುಬಿಟ್ಟಳು ನನ್ನ ಮಗಳು.

ಎಲ್ಲರೂ ನನ್ನ ಕಡೆ ನೋಡಿದರು. ಇವರಂತೂ ಬಾಯಿ ತೆರೆದು ನೋಡಿದರು. ಇನ್ನು ಮುಚ್ಚಿಡುವಂತಿರಲಿಲ್ಲ.

"ಹೇಳು ಪುಟ್ಟಾ ಅವರಿಗೆ. ಐದನೇ ಹಾಡು ಬಹಳ ಉದ್ದ. ಹೋದ ವಾರ ಸ್ಟವ್ ಮೇಲೆ ಸಾರಿಟ್ಟು, ಒಂದೇ ಹಾಡು ಕೇಳಿ ಬರ್ತೀನಿ ಅಂತ ಕಾರಿಗೆ ಹೋದೆ. ಮುಗೀಲೇ ಇಲ್ಲ. ನನಗೂ ಎದ್ದು ಬರಕ್ಕಾಗ್ಲಿಲ್ಲ. ಸಾರು ಪೂರ್ತಿ ಸೀದುಹೋಯ್ತು, ಪಾತ್ರೆ ತಳ ಹಿಡೀತು. ನಿಮ್ಮಪ್ಪಂಗೆ ಅವತ್ತು ಮೊಸರನ್ನ ಹಾಕಿದ್ದು ಅದಕ್ಕೇ."

"ಅವತ್ತು ಏಕಾದಶಿ ಅಂದ್ಯಲ್ಲೇ?" ಎಂದರು ಇವರು.

"ಏಕಾದಶಿಗೆ ಅನ್ನ ಹಾಕ್ತಾರೇನ್ರೀ?"

ಲಾಸ್ಯಾ ಎಲ್ಲವನ್ನೂ, ಏಕಾದಶಿ ಸಮೇತ, ಜಪಾನೀ ಭಾಷೆಗೆ ತಿರುಗಿಸಿದಳು. ಮೊಚಿಜುಕಿ ಸಾನ್ ಗಂಭೀರವಾಗಿ ಕೇಳಿದರು, "ಪೂರ್ತಿ ಸೀದುಹೋಯಿತೇ?"

"ಪೂರ್ತಿ" ಎಂದೆ. "ಇನ್ನೂ ಉಜ್ಜುತ್ತಾ ಇದೀನಿ."

ಅವರು ಎದ್ದು ಹೋಗಿ ನಮ್ಮವರ ಜಾಕೆಟ್ಟಿನಿಂದ ಸ್ಟಿಕರನ್ನು ಎರಡು ಬೆರಳಲ್ಲಿ ಮೆಲ್ಲನೆ ಬಿಡಿಸಿದರು. ಲಾರಿಯವರ ಮುಂದೆ ಸೊಂಟ ಬಾಗಿಸಿ ನಿಂತು, ತೊಂದರೆ ಕೊಟ್ಟೆ, ಕಸ ಇಲ್ಲ ಎಂದರು. ಆ ಹುಡುಗರು ಪಟ್ಟಿಯಲ್ಲಿ ಗೀಟು ಹಾಕಿ, ಟೋಪಿ ತೆಗೆದು, ಯಾಕೋ ನನಗೂ ಒಂದು ನಮಸ್ಕಾರ ಮಾಡಿ ಹೋದರು.

ಭಾನುವಾರ ಸಮುದಾಯ ಭವನದಲ್ಲಿ ನಲವತ್ತು ಕುರ್ಚಿ, ನಲವತ್ತೊಂದು ಜನ. ಹಾಡುವ ಮೊದಲು ಮೊಚಿಜುಕಿ ಸಾನ್ ಮೈಕಿನ ಮುಂದೆ ಬಂದು ಒಂದು ವಿನಂತಿ ಮಾಡಿದರು: ಈ ಸಲ ಚೀಟಿಯಲ್ಲಿ ಯಾರೂ 'ಅದ್ಭುತ' ಎಂದು ಬರೆಯಕೂಡದು, ಇಂಡಿಯಾದ ಆ ಮನೆಯವರ ಹಾಗೆ ಬರೆಯಿರಿ. ಸಭೆಯೆಲ್ಲ ತಿರುಗಿ ನಮ್ಮನ್ನು ನೋಡಿತು. ಇವರು ಎದ್ದು ನಿಂತು ಕೈ ಬೀಸಿದರು. ನಾನು ಪಂಚೆ ಹಿಡಿದು ಕೂರಿಸಿದೆ. ಹೌದು, ಪಂಚೆ. ಕಂಟ್ರಿ ಸಂಗೀತವೆಂದು ಉಟ್ಟು ಬಂದಿದ್ದರು.

ಹಾಡಿಕೆ ಮುಗಿದ ಮೇಲೆ, ಚಹಾ ಕುಡಿಯುತ್ತಾ, ಮೊಚಿಜುಕಿ ಸಾನ್ ವೇದಿಕೆಯ ಅಂಚಿನಲ್ಲಿ ಕೂತು ಚೀಟಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಇಷ್ಟು ದಿನ ಮರ್ಯಾದೆಯಲ್ಲಿ ಅದುಮಿಟ್ಟದ್ದು ಒಮ್ಮೆಲೆ ಹೊರಬಂದಿತ್ತು. 'ಪ್ಯಾಂಟು ಬಿಗಿಯಾಗಿದೆ, ಉಸಿರು ಸಾಲುತ್ತಿಲ್ಲ.' 'ಏಳನೇ ಹಾಡು ಬೇಕಿರಲಿಲ್ಲ, ಎರಡನೇ ಹಾಡು ಇನ್ನೊಂದು ಸಲ ಬೇಕಿತ್ತು.' 'ಟೋಪಿ ಸ್ವಲ್ಪ ಹಿಂದೆ ಸರಿಸಿ, ಮುಖ ನೋಡಬೇಕು.' ಹಿರಾನೋ ಸಾನ್ ಬರೆದದ್ದಂತೂ ಅರ್ಧ ಪುಟ. ಒಂದೊಂದಕ್ಕೂ ಮೊಚಿಜುಕಿ ಸಾನ್ ಕಣ್ಣು ಒರೆಸಿಕೊಂಡು ನಗುತ್ತಿದ್ದರು. ನಮ್ಮವರು ತಮ್ಮ ಚೀಟಿಯನ್ನು ಈ ಸಲ ಕನ್ನಡದಲ್ಲಿ ಬರೆದಿದ್ದರು. 'ಚೆನ್ನಾಗಿತ್ತು ಸಾರ್' ಎಂಬ ಎರಡೇ ಪದ. ಓದಲಾಗದೆ ಅವರು ಅದನ್ನು ತಲೆಕೆಳಗಾಗಿ ಹಿಡಿದು ಸಭೆಗೆ ತೋರಿಸಿದರು, ಅದಕ್ಕೂ ಚಪ್ಪಾಳೆ ಬಿತ್ತು.

ಕೊನೆಯ ಚೀಟಿಯನ್ನು ಮಾತ್ರ ಅವರು ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿಕೊಂಡರು, ಮತ್ತೊಮ್ಮೆ ಓದಿಕೊಂಡರು. ಹಿಂದಿನ ಮೇಜಿನ ಬಳಿ ಅವರ ಹೆಂಡತಿ ಬೆನ್ನು ತಿರುಗಿಸಿ ಚಹಾ ಲೋಟಗಳನ್ನು ಜೋಡಿಸುತ್ತಿದ್ದರು. ಲಾಸ್ಯಾ ಮೊಚಿಜುಕಿ ಸಾನ್ ಮೊಣಕೈ ಕೆಳಗಿಂದ ತಲೆ ತೂರಿಸಿ ಆ ಸಣ್ಣ ಅಕ್ಷರಗಳನ್ನು ಓದಿಬಂದು ನನ್ನ ಕಿವಿಯಲ್ಲಿ ಹೇಳಿದಳು.

"ಅಮ್ಮಾ, ಆಂಟಿ ಬರೆದಿರೋದು. ಗ್ಯಾರೇಜ್ ಡೋರ್ ತೆಗೆದಿಟ್ಟು ಹಾಡ್ಬೇಕಂತೆ. ಕಿಚನ್‌ಗೆ ಸರಿಯಾಗಿ ಕೇಳಲ್ವಂತೆ."